ಮಕ್ಕಳ ಡಾಕ್ಟರಮ್ಮನಿಗೆ ಕೇಳಿ: ನಡುರಾತ್ರಿ 1:46ಕ್ಕೆ ಬಂದ ಮೆಸೇಜು

ಪ್ರಶ್ನೆ: ಡಾಕ್ಟರಮ್ಮ ಅವರಿಗೆ ನಮಸ್ಕಾರ. ನಮ್ಮದು ಒಂಬತ್ತು ಜನ ಗೆಳತಿಯರ ವಾಟ್ಸಾಪ್ ಗ್ರೂಪ್. ಎಲ್ಲರಿಗೂ ಒಂದೇ ತಿಂಗಳು ಹೆರಿಗೆಗೆ ದಿನ ಕೊಟ್ಟಿದ್ದರು. ಹಾಗೆ ಫೋನಿನಲ್ಲೇ ಪರಿಚಯವಾದವರು, ಇನ್ನೂ ಒಬ್ಬರ ಮುಖ ಒಬ್ಬರು ಎದುರಿಗೆ ನೋಡಿಲ್ಲ. ಶಿರಸಿ, ಹೊಸಪೇಟೆ, ಮೈಸೂರು, ಪುಣೆ, ಒಬ್ಬಳು ದುಬೈನಲ್ಲಿ. ಸೀಮಂತದ ಸೀರೆಯಿಂದ ಹಿಡಿದು ಪಾಪುವಿನ ಮೊದಲ ಹಲ್ಲಿನವರೆಗೆ ಎಲ್ಲ ಸುದ್ದಿ ಮೊದಲು ಅಲ್ಲಿಗೇ.

ಹೋದ ತಿಂಗಳು ರಾತ್ರಿ 1:46ಕ್ಕೆ ಪುಣೆ ಗೆಳತಿಯ ವಾಯ್ಸ್ ಮೆಸೇಜ್ ಬಂತು. "ಪಾಪು ಕಣ್ಣು ಮೇಲೆ ಹೋಗಿದೆ, ಕೈಕಾಲು ಅದುರ್ತಿದೆ, ಕರೆದ್ರೆ ಕೇಳ್ತಿಲ್ಲ, ಯಾರಾದ್ರೂ ಎದ್ದಿದ್ದೀರೇನ್ರೇ?" ಗಂಡನಿಗೆ ನೈಟ್ ಶಿಫ್ಟ್. ಮನೆಯಲ್ಲಿ ಇದ್ದದ್ದು ಅವಳು, ಹತ್ತು ತಿಂಗಳ ಮಗು, ಇಬ್ಬರೇ. ನಾಲ್ಕೈದು ಜನ ಎದ್ದಿದ್ದೆವು. ನಾನು "ನಾಲಿಗೆ ನುಂಗಿಬಿಡುತ್ತೆ, ಬಾಯಿಗೆ ಚಮಚ ಇಡು" ಅಂತ ಬರೆದೆ. ಒಬ್ಬಳು ಈರುಳ್ಳಿ ಮೂಸಿಸು ಅಂದಳು. ಇನ್ನೊಬ್ಬಳು ಜ್ವರದ ಔಷಧಿ 2 ಎಂ.ಎಲ್. ಹಾಕು, ನಾನು ಅಷ್ಟೇ ಹಾಕೋದು ಅಂದಳು. ದುಬೈ ಗೆಳತಿ "ಒಂದು ವಿಡಿಯೊ ತೆಗೆ" ಅಂತ ಬರೆದಳು. ನನಗೆ ಮೈಯೆಲ್ಲ ಉರಿಯಿತು. "ಅಲ್ಲಿ ಜೀವ ಹೋಗ್ತಿದೆ, ನಿಂಗೆ ವಿಡಿಯೊ ಬೇಕಾ" ಅಂತ ಎಲ್ಲರ ಎದುರು ಬೈದೆ. ಅವಳು ಗ್ರೂಪ್ ಬಿಟ್ಟು ಹೋದಳು.

1:49ಕ್ಕೆ "ನಿಂತಿದೆ" ಅಂತ ಒಂದೇ ಪದ ಬಂತು. ಆಮೇಲೆ ಬೆಳಗಿನವರೆಗೂ ಸುದ್ದಿ ಇಲ್ಲ. ಹೋಗಿ ನೋಡಿ ಅಂತ ಯಾರಿಗಾದರೂ ಹೇಳೋಣ ಅಂದರೆ ನಮ್ಮಲ್ಲಿ ಒಬ್ಬರಿಗೂ ಅವಳ ಮನೆ ವಿಳಾಸ ಗೊತ್ತಿಲ್ಲ. ಕೆಳಮನೆಯ ಮರಾಠಿ ಅಜ್ಜಿ ಆಟೊ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರಂತೆ. ಎರಡು ದಿನ ಇಟ್ಟುಕೊಂಡು, ಬೆನ್ನಿನಿಂದ ನೀರು ತೆಗೆದು ಪರೀಕ್ಷೆ ಮಾಡಿ, ಜ್ವರದ ಫಿಟ್ಸ್ ಅಂತ ಹೇಳಿ ಕಳಿಸಿದರು. ಜ್ವರ ಬಿಟ್ಟ ದಿನ ಎದೆ, ಬೆನ್ನ ಮೇಲೆಲ್ಲ ಕೆಂಪು ಗುಳ್ಳೆ ಎದ್ದು, ಎರಡು ದಿನದಲ್ಲಿ ತಾವೇ ಹೋದವು.

ಈಗ ಪಾಪು ಆಡಿಕೊಂಡಿದೆ. ಆದರೆ ಚಮಚದ ಹಿಡಿ ತಾಗಿ ವಸಡಿನಿಂದ ರಕ್ತ ಬಂದಿತ್ತು. ನನ್ನ ಮಾತು ಕೇಳಿ ಆದದ್ದು ಅದು. ಅವಳು ಒಂದು ಮಾತೂ ಅನ್ನಲಿಲ್ಲ, ಥ್ಯಾಂಕ್ಸ್ ಅಂದಳು. ನನಗೆ ನಿದ್ದೆ ಬರ್ತಿಲ್ಲ. ಮಗುವಿಗೆ ಮುಂದೆ ಮೂರ್ಛೆರೋಗ ಬರುತ್ತಾ? ಬೆನ್ನುನೀರು ತೆಗೆದರೆ ಕಾಲಿನ ಶಕ್ತಿ ಹೋಗುತ್ತೆ ಅಂತ ಅವಳ ಅತ್ತೆ ಹೆದರಿಸುತ್ತಿದ್ದಾರೆ. ಇಂಥ ಹೊತ್ತಲ್ಲಿ ದೂರದಲ್ಲಿರೋರು ಏನು ಮಾಡಬೇಕು?
— ಹೆಸರು ಬೇಡ, ದಾವಣಗೆರೆ

ಉತ್ತರ: ನೋಡಮ್ಮ, ಮೊದಲು ಮಗುವಿನ ವಿಷಯ ಹೇಳಿಬಿಡುತ್ತೇನೆ, ನಿಮ್ಮ ಎದೆ ಸ್ವಲ್ಪ ಹಗುರಾಗಲಿ. ಜ್ವರದ ಫಿಟ್ಸ್ ಬರುವುದು ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ. ನೂರು ಮಕ್ಕಳಲ್ಲಿ ಎರಡರಿಂದ ಐದು ಮಕ್ಕಳಿಗೆ ಬರುತ್ತದೆ. ಅಂದರೆ ನಿಮ್ಮ ಬೀದಿಯಲ್ಲೇ ಇದನ್ನು ಕಂಡ ಒಂದು ಮನೆ ಇರುತ್ತದೆ. ಹೆಚ್ಚಿನ ಸಲ ಎರಡು ಮೂರು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ. ಇಡೀ ಮೈಗೆ ಬಂದು, 15 ನಿಮಿಷದೊಳಗೆ ನಿಂತು, 24 ಗಂಟೆಯಲ್ಲಿ ಮತ್ತೆ ಬರದಿದ್ದರೆ ಅದು ಸಾಮಾನ್ಯ ಬಗೆಯದು. ಅದರಿಂದ ಮೆದುಳಿಗೆ ಪೆಟ್ಟಾಗುವುದಿಲ್ಲ, ಬುದ್ಧಿ ಕಡಿಮೆಯಾಗುವುದಿಲ್ಲ. ಮುಂದೆ ಮೂರ್ಛೆರೋಗ ಬರುವುದು ಇಂಥ ನೂರು ಮಕ್ಕಳಲ್ಲಿ ಒಂದೋ ಎರಡೋ ಮಕ್ಕಳಿಗೆ. ಉಳಿದ ಮಕ್ಕಳಲ್ಲೂ ಅದು ನೂರಕ್ಕೆ ಒಂದರಷ್ಟು ಇದ್ದೇ ಇದೆ.

ಆದರೆ ಇನ್ನೊಂದು ಜ್ವರದಲ್ಲಿ ಮತ್ತೆ ಫಿಟ್ಸ್ ಬರಬಹುದು. ಇದನ್ನು ನಿಮ್ಮ ಗೆಳತಿಗೆ ಮುಚ್ಚಿಡಬೇಡಿ. ಮೊದಲ ಸಲ ಬಂದಾಗ ಒಂದು ವರ್ಷ ತುಂಬಿರದಿದ್ದರೆ, ಸುಮಾರು ಅರ್ಧದಷ್ಟು ಮಕ್ಕಳಿಗೆ ಮತ್ತೊಮ್ಮೆ ಬರುತ್ತದೆ. ಬಾಯಿಬಾಯಿ ಬಡಿದುಕೊಳ್ಳೋಕೆ ಅಂತ ಇದನ್ನು ಹೇಳುತ್ತಿಲ್ಲ. ಗೊತ್ತಿದ್ದವಳ ಕೈ ಎರಡನೇ ಸಲ ಅಷ್ಟು ನಡುಗುವುದಿಲ್ಲ.

ಜ್ವರ ಬಿಟ್ಟ ಮೇಲೆ ಗುಳ್ಳೆ ಎದ್ದವು ಅಂದಿರಲ್ಲ, ಅದನ್ನು ಕೇಳಿದರೆ ರೋಸಿಯೋಲಾ ಇರಬೇಕು ಅನಿಸುತ್ತದೆ. ಮೂರ್ನಾಲ್ಕು ದಿನ ಮೈ ಕಾದ ಕಾವಲಿಯಂತಿರುತ್ತದೆ, ಜ್ವರ ಇಳಿಯುತ್ತಲೇ ಗುಳ್ಳೆ. ಆರು ತಿಂಗಳಿಂದ ಎರಡು ವರ್ಷದ ಮಕ್ಕಳಲ್ಲಿ ಜಾಸ್ತಿ, ಫಿಟ್ಸ್ ತರುವುದರಲ್ಲಿ ಹೆಸರುವಾಸಿ ವೈರಸ್ ಅದು. ಆದರೂ ಮಗುವನ್ನು ಮುಟ್ಟಿ ನೋಡಿದ ಡಾಕ್ಟರ ಮಾತೇ ಸರಿ.

ಬೆನ್ನುನೀರಿನ ಬಗ್ಗೆ ಆ ಅತ್ತೆಯವರಿಗೆ ಸಮಾಧಾನ ಹೇಳಿ. ಸೂಜಿ ಹಾಕುವುದು ಸೊಂಟದ ಹತ್ತಿರ, ಮೆದುಳುಬಳ್ಳಿ ಮುಗಿದ ಜಾಗದಿಂದ ಕೆಳಗೆ. ತೆಗೆಯುವುದು ಕೆಲವೇ ಹನಿ. ಕಾಲಿನ ಶಕ್ತಿ ಹೋಗುತ್ತದೆ ಅನ್ನುವ ಭಯ ಬೇಡ. ದೊಡ್ಡ ಮಕ್ಕಳಿಗೆ ಮೆದುಳು ಜ್ವರ ಬಂದರೆ ಕತ್ತು ಬಿಗಿಯುತ್ತದೆ. ವರ್ಷದೊಳಗಿನ ಕೂಸಿನಲ್ಲಿ ಆ ಗುರುತು ಕಾಣದೇ ಇರಬಹುದು. ಅದಕ್ಕೇ ಅನುಮಾನ ಉಳಿಸಿಕೊಳ್ಳದೆ ಪರೀಕ್ಷೆ ಮಾಡಿದ್ದಾರೆ.

ಈಗ ಚಮಚ. ನಾಲಿಗೆ ನುಂಗಲು ಆಗುವುದಿಲ್ಲಮ್ಮ, ಅದು ಬಾಯಿಯ ತಳಕ್ಕೆ ಅಂಟಿಕೊಂಡೇ ಇರುತ್ತದೆ. ಚಮಚ ತುರುಕಿದರೆ ಹಲ್ಲು ಮುರಿದು ಗಂಟಲಿಗೆ ಹೋಗಬಹುದು, ವಾಂತಿಯಾಗಿ ಉಸಿರಿನ ದಾರಿಗೆ ಇಳಿಯಬಹುದು. ಈ ಮಗುವಿಗೆ ವಸಡಿಗೆ ಮಾತ್ರ ತಾಗಿದೆ. ವಸಡು ಬೇಗ ಕೂಡುತ್ತದೆ, ಇಷ್ಟರಲ್ಲಿ ಗುರುತೂ ಇರಲಿಕ್ಕಿಲ್ಲ. ನೀವು ಕೇಳಿ ಬೆಳೆದದ್ದನ್ನು ಹೇಳಿದಿರಿ. ನಮ್ಮ ಕಡೆ ಎಲ್ಲ ಮನೆಯಲ್ಲೂ ಹೇಳುವುದು ಅದನ್ನೇ. ಆದರೆ ಗೆಳತಿಗೆ ಫೋನ್ ಮಾಡಿ "ನಾನು ಹೇಳಿದ್ದು ತಪ್ಪಾಗಿತ್ತು, ಮುಂದೆ ಯಾವತ್ತೂ ಬಾಯಿಗೆ ಏನೂ ಇಡಬೇಡ" ಅಂತ ಬಾಯಿಬಿಟ್ಟು ಹೇಳಿ. ನಿಮ್ಮ ನಿದ್ದೆಗಿಂತ ಮುಖ್ಯ ಅದು. ಯಾಕಂದರೆ ಅವಳು ಥ್ಯಾಂಕ್ಸ್ ಅಂದಿದ್ದಾಳೆ. ಚಮಚದಿಂದಲೇ ಮಗು ಉಳಿಯಿತು ಅಂತ ಅವಳು ನಂಬಿರಬಹುದು.

ಆ 2 ಎಂ.ಎಲ್. ಮಾತು ಓದಿ ನನಗೆ ಚಮಚಕ್ಕಿಂತ ಹೆಚ್ಚು ಭಯವಾಯಿತು. ಪ್ಯಾರಾಸಿಟಮಾಲ್ ಅಂಗಡಿಯಲ್ಲಿ ಬೇರೆ ಬೇರೆ ಗಟ್ಟಿತನದಲ್ಲಿ ಸಿಗುತ್ತದೆ. ಹನಿ ಹಾಕುವ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಎಂ.ಎಲ್.ಗೆ 100 ಮಿ.ಗ್ರಾಂ. ಸಿರಪ್‌ಗಳಲ್ಲಿ ಒಂದು 5 ಎಂ.ಎಲ್.ಗೆ 120, ಇನ್ನೊಂದು 5 ಎಂ.ಎಲ್.ಗೆ 250. ಅದೇ 2 ಎಂ.ಎಲ್. ಡ್ರಾಪ್ಸ್‌ನಲ್ಲಿ ಹಾಕಿದರೆ 200 ಮಿ.ಗ್ರಾಂ. ಆಯಿತು, ತೆಳು ಸಿರಪ್‌ನಲ್ಲಿ 48, ಗಟ್ಟಿ ಸಿರಪ್‌ನಲ್ಲಿ 100. ಎಂಟು ಕೆ.ಜಿ. ಮಗುವಿಗೆ ಒಂದು ಸಲಕ್ಕೆ ಬೇಕಾದ್ದು 80ರಿಂದ 120 ಮಿ.ಗ್ರಾಂ. ಈಗ ನೀವೇ ಲೆಕ್ಕ ಹಾಕಿ. ಒಬ್ಬಳ ಮನೆಯ ಬಾಟಲಿ ನೋಡಿ ಇನ್ನೊಬ್ಬಳ ಮಗುವಿಗೆ ಅಳತೆ ಹೇಳುವುದು ಬೇಡವೇ ಬೇಡ. ನಿಮ್ಮ ಮಗುವಿನ ತೂಕಕ್ಕೆ, ನಿಮ್ಮ ಮನೆಯ ಬಾಟಲಿಯಲ್ಲಿ ಎಷ್ಟು ಅಂತ ಡಾಕ್ಟರ ಹತ್ತಿರ ಬರೆಸಿ, ಚೀಟಿಯನ್ನು ಬಾಟಲಿಗೇ ಅಂಟಿಸಿಡಿ. ಫಿಟ್ಸ್ ಬರುತ್ತಿರುವಾಗಂತೂ ಔಷಧಿಯಾಗಲಿ ನೀರಾಗಲಿ ಒಂದು ಹನಿಯೂ ಬಾಯಿಗೆ ಬೇಡ. ಇನ್ನೊಂದು ಮಾತು: ಜ್ವರದ ಔಷಧಿ ತಡವಾಗಿ ಹಾಕಿದ್ದಕ್ಕೇ ಫಿಟ್ಸ್ ಬಂತು ಅಂತ ತಾಯಂದಿರು ಅಳುತ್ತಾರೆ. ಹಾಗಲ್ಲ. ಆ ಔಷಧಿ ಮಗುವಿನ ಮೈಕೈ ನೋವು ಇಳಿಸುತ್ತದೆ, ಫಿಟ್ಸ್ ತಡೆಯುವುದಿಲ್ಲ. ಎಷ್ಟೋ ಸಲ ಫಿಟ್ಸ್ ಬಂದ ಮೇಲೇ ಮಗುವಿಗೆ ಜ್ವರ ಇದೆ ಅಂತ ಮನೆಯವರಿಗೆ ಗೊತ್ತಾಗುವುದು.

ಹಾಗಾದರೆ ಆ ಹೊತ್ತಲ್ಲಿ ಮಾಡಬೇಕಾದ್ದೇನು? ಮಗುವನ್ನು ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಯ ಜೊಲ್ಲು, ನೊರೆ ಹೊರಗೆ ಹರಿಯಲಿ. ಕತ್ತಿನ ಬಟ್ಟೆ ಸಡಿಲ ಮಾಡಿ. ಕೈಕಾಲು ಅದುಮಿ ಹಿಡಿಯಬೇಡಿ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಮಗು ನೀಲಿಗಟ್ಟಿದರೆ 108. ಮಹಾರಾಷ್ಟ್ರದಲ್ಲೂ ಅದೇ ನಂಬರ್. ನಿಮ್ಮ ದುಬೈ ಗೆಳತಿಗೆ 998. ಬೇಗ ನಿಂತರೂ ಮೊದಲ ಸಲವಾದರೆ ಅವತ್ತೇ ಆಸ್ಪತ್ರೆಗೆ ಹೋಗಲೇಬೇಕು. ಆರು ತಿಂಗಳೂ ತುಂಬದ ಕೂಸು, ಒಂದೇ ಕಡೆಯ ಕೈಕಾಲು ಸೆಳೆಯುವುದು, ನಿಂತು ಒಂದು ಗಂಟೆಯಾದರೂ ಕಣ್ಣು ಬಿಡದಿರುವುದು, ನೆತ್ತಿ ಉಬ್ಬಿರುವುದು, ಇವು ಕಂಡರೆ ಒಂದು ನಿಮಿಷವೂ ಕಾಯಬೇಡಿ. ಮತ್ತೆ ಬಂದರೆ ಮನೆಯಲ್ಲೇ ಹಾಕಲು ಮೂಗಿಗೆ ಸಿಂಪಡಿಸುವ ಔಷಧಿ ಕೊಡಬೇಕೇ ಅಂತ ಗೆಳತಿ ಅವಳ ಡಾಕ್ಟರನ್ನೇ ಕೇಳಲಿ. ಹೇಗೆ ಹಾಕುವುದು ಅಂತ ಅವರೇ ತೋರಿಸಿಕೊಡುತ್ತಾರೆ.

ಗಡಿಯಾರ ನೋಡಿ ಅಂತ ಹೇಳುವುದು ಸುಲಭ, ನನಗೆ ಗೊತ್ತು. ನನ್ನ ಮಗನಿಗೆ ಹದಿನಾಲ್ಕು ತಿಂಗಳಲ್ಲಿ ಹೀಗೇ ಬಂತು. ಆಗ ನಾವು ಹಾಸನದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಾನು ಅಷ್ಟರಲ್ಲಾಗಲೇ ಮಕ್ಕಳ ಡಾಕ್ಟರು. ಅವನನ್ನು ಎದೆಗೆ ಅವಚಿಕೊಂಡು ಬರಿಗಾಲಲ್ಲಿ ರಸ್ತೆಗೆ ಓಡಿದೆ. ಆಸ್ಪತ್ರೆಯಲ್ಲಿ ನನ್ನ ಜೊತೆಯ ಡಾಕ್ಟರು "ಎಷ್ಟು ನಿಮಿಷ ಬಂತು?" ಅಂತ ಕೇಳಿದರು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಹಿಂದೆ ನಿಂತಿದ್ದ ನಮ್ಮ ಅತ್ತೆ ಹೇಳಿದರು, "ಒಲೆ ಮೇಲಿನ ಹಾಲು ಆಗಷ್ಟೇ ಬೆಚ್ಚಗಾಗಿತ್ತು, ನಿಂತಾಗ ಇನ್ನೂ ಉಕ್ಕಿರಲಿಲ್ಲ" ಅಂತ. ಆ ಅಳತೆಯೇ ಅವತ್ತು ಡಾಕ್ಟರಿಗೆ ಸಾಕಾಯಿತು. ನಿಮ್ಮ ಗೆಳತಿಯ ಮಗುವಿಗೆ ಅಂಥ ಅಳತೆ ನಿಮ್ಮ ಫೋನಿನಲ್ಲೇ ಇದೆ. 1:46ರ ಮೆಸೇಜು, 1:49ರ ಮೆಸೇಜು. ಅದನ್ನು ಅವಳಿಗೆ ಕಳಿಸಿ, ಮಗುವಿನ ಫೈಲಿನಲ್ಲಿ ಬರೆದಿಡಲಿ.

ಇನ್ನು ದುಬೈ ಗೆಳತಿ. ಅಮ್ಮಾ, ಆ ರಾತ್ರಿ ನಿಮ್ಮ ಗ್ರೂಪಿನಲ್ಲಿ ಬಂದ ಸಲಹೆಗಳಲ್ಲಿ ಉಪಯೋಗಕ್ಕೆ ಬರುವಂಥದ್ದು ಅವಳದ್ದೊಂದೇ. ನಾವು ಡಾಕ್ಟರುಗಳು ಫಿಟ್ಸನ್ನು ಕಣ್ಣಾರೆ ನೋಡುವುದು ತುಂಬಾ ಕಡಿಮೆ, ನಮ್ಮ ಹತ್ತಿರ ತರುವಷ್ಟರಲ್ಲಿ ಮಗು ಮಲಗಿರುತ್ತದೆ. ಕಣ್ಣು ಯಾವ ಕಡೆ ತಿರುಗಿತ್ತು, ಎರಡೂ ಕೈ ಅದುರಿತೋ ಒಂದೇ ಕೈಯೋ, ಅರ್ಧ ನಿಮಿಷದ ವಿಡಿಯೊ ಇದ್ದರೆ ಅಷ್ಟೂ ಕಾಣುತ್ತದೆ. ಒಬ್ಬಳೇ ಇದ್ದ ತಾಯಿಗೆ ಮೊದಲು ಮಗ್ಗುಲಿಗೆ ಮಲಗಿಸು ಅಂತ ಹೇಳಿ ಆಮೇಲೆ ವಿಡಿಯೊ ಮಾತು ಎತ್ತಬೇಕಿತ್ತು, ಅಷ್ಟೇ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ, ಹೆದರಿದವರು ಹಾಗೇ ಕೂಗುತ್ತಾರೆ. ಆದರೆ ಎಂಟು ಜನರ ಮುಂದೆ ಮಾತು ಕೇಳಿಸಿಕೊಂಡು ಹೋಗಿದ್ದಾಳೆ. ಹತ್ತು ತಿಂಗಳ ಕೂಸು ಕಟ್ಟಿಕೊಂಡು ಪರದೇಶದಲ್ಲಿದ್ದಾಳೆ. ಇವತ್ತೇ ಅವಳಿಗೆ ಫೋನ್ ಮಾಡಿ, ಮೆಸೇಜ್ ಬೇಡ. ಗ್ರೂಪಿನಲ್ಲೂ "ಅವಳು ಹೇಳಿದ್ದು ಸರಿ ಇತ್ತು" ಅಂತ ಬರೆದು ವಾಪಸ್ ಕರೆಯಿರಿ.

ದೂರದಲ್ಲಿರೋರು ಏನು ಮಾಡಬೇಕು ಅಂತ ಕೇಳಿದಿರಿ. ನನ್ನ ಆಸೆ ಇಷ್ಟು. ಆ ಹೊತ್ತಲ್ಲಿ ಒಬ್ಬರು ಮಾತ್ರ ಫೋನ್ ಮಾಡಿ, ಸ್ಪೀಕರಿನಲ್ಲಿ ಹಾಕಿಸಿ, ಮೆಲ್ಲಗೆ "ಮಗ್ಗುಲಿಗೆ ಮಲಗಿಸು, ಬಾಯಿಗೆ ಏನೂ ಬೇಡ, ನಾನು ಟೈಮ್ ನೋಡ್ತಿದ್ದೀನಿ" ಅನ್ನಲಿ. ಇನ್ನೊಬ್ಬರು ಗಂಡನಿಗೆ ಫೋನ್ ಮಾಡಲಿ. ಮೂರನೆಯವರು ಅವಳ ವಿಳಾಸ ಹೇಳಿ ಆಂಬುಲೆನ್ಸ್‌ಗೆ ಪ್ರಯತ್ನಿಸಲಿ. ಉಳಿದವರು ಸುಮ್ನೆ ಇರಲಿ, ಅವಳ ಫೋನ್ ಟಿಣ್ ಟಿಣ್ ಅನ್ನದ ಹಾಗೆ. ಇದು ಆಗಬೇಕಾದರೆ ನಿಮ್ಮ ಹತ್ತಿರ ಅವಳ ವಿಳಾಸ ಇರಬೇಕಲ್ವಾ? ಸೀಮಂತದ ಸೀರೆಯ ಬಣ್ಣ ನೆನಪಿದೆ, ಮನೆ ನಂಬರ್ ಗೊತ್ತಿಲ್ಲ. ಈ ವಾರವೇ ಒಂಬತ್ತೂ ಜನ ಮನೆ ವಿಳಾಸ, ಗಂಡನ ನಂಬರ್, ಪಕ್ಕದ ಮನೆಯವರ ನಂಬರ್, ರಾತ್ರಿಯೂ ಮಕ್ಕಳ ಡಾಕ್ಟರ್ ಸಿಗುವ ಹತ್ತಿರದ ಆಸ್ಪತ್ರೆ, ಮಗುವಿನ ತೂಕ, ಇಷ್ಟನ್ನು ಬರೆದು ಗ್ರೂಪಿನಲ್ಲಿ ಪಿನ್ ಮಾಡಿ ಇಡಿ. ತೂಕ ಮಾತ್ರ ತಿಂಗಳಿಗೊಮ್ಮೆ ತಿದ್ದಿ.

ಇದೆಲ್ಲ ಹೇಳಿದೆ ಅಂತ ಗ್ರೂಪ್ ಬಿಟ್ಟುಬಿಡಬೇಡಿ. ರಾತ್ರಿ ಎರಡಕ್ಕೆ ಹಾಲು ಕುಡಿಸುತ್ತಾ ಒಬ್ಬಳೇ ಕೂತ ತಾಯಿಗೆ "ಯಾರಾದ್ರೂ ಎದ್ದಿದ್ದೀರೇನ್ರೇ" ಅಂತ ಕೇಳುವ ಜಾಗ ಬೇಕು. ಅವಳು ಕೇಳಿದಳು, ನೀವು ಎದ್ದಿದ್ದಿರಿ.

ಪ್ರಶ್ನೆ: ನನ್ನ ಮೊಮ್ಮಗಳಿಗೆ ಜ್ವರ ನೆತ್ತಿಗೇರಿ ಸೆಳೆತ ಬಂದಾಗ ನಾನು ಕೈಗೆ ಬೀರುವಿನ ಕೀ ಕೊಟ್ಟೆ, ತಕ್ಷಣ ನಿಂತಿತು. ಮಗಳು ಇದು ಮೂಢನಂಬಿಕೆ ಅಂತ ಬೈಯುತ್ತಾಳೆ. ಯಾರು ಸರಿ?
— ಒಬ್ಬ ಅಜ್ಜಿ, ಸಾಗರ

ಉತ್ತರ: ಅಜ್ಜಿ, ಕೀ ಹುಡುಕಿ ತರುವಷ್ಟರಲ್ಲಿ ಎರಡು ಮೂರು ನಿಮಿಷ ಆಗಿರುತ್ತದೆ, ಸೆಳೆತ ತಾನೇ ನಿಲ್ಲುವ ಹೊತ್ತೂ ಅದೇ. ಅದಕ್ಕೇ ಕೀಯಿಂದ ನಿಂತಿತು ಅನಿಸುತ್ತದೆ. ಆದರೆ ಆಗ ಮೊಮ್ಮಗಳ ಪಕ್ಕದಲ್ಲಿ ಯಾರಿದ್ದರು? ಮುಂದಿನ ಸಲ ನೀವೇ ಅವಳನ್ನು ಮಗ್ಗುಲಿಗೆ ಮಲಗಿಸಿ, ಬೆನ್ನ ಮೇಲೆ ಕೈಯಿಟ್ಟು ಕೂತಿರಿ, ಮಗಳು ಗಡಿಯಾರ ನೋಡಲಿ. ಬಳೆಚೂರು ಕಾಯಿಸಿ ಬರೆ ಹಾಕಿಸಿ ಅಂತ ಯಾರಾದರೂ ಹೇಳಿದರೆ ಮಾತ್ರ ಮನೆಯೊಳಗೆ ಸೇರಿಸಬೇಡಿ. ಪುಟ್ಟ ಹೊಟ್ಟೆಯ ಮೇಲೆ ಆ ಸುಟ್ಟ ಗಾಯ ಹೊತ್ತು ಬಂದ ಮಕ್ಕಳನ್ನು ನಾನು ನೋಡಿದ್ದೇನೆ.