ವಾಹನ ಪ್ರಶ್ನೋತ್ತರ: ಮುಂಚಕ್ರದ ಕಟಕಟ ಸದ್ದು, ಸ್ಟೀರಿಂಗಿನ ಸಡಿಲು

ಪ್ರಶ್ನೆ: ತಂದೆಯವರು 1999ರಲ್ಲಿ ಕೊಂಡ ಮಾರುತಿ 800 ಕಾರಿನಲ್ಲಿ ದಿನವೂ ಮಲ್ಪೆಯಿಂದ ಉಡುಪಿಗೆ ಓಡಾಡುತ್ತೇನೆ. ಸಣ್ಣ ಹೊಂಡಗಳಲ್ಲಿ ಮುಂದಿನ ಎಡಗಡೆಯಿಂದ ಕಟಕಟ ಸದ್ದು ಬರುತ್ತದೆ. ಬ್ರೇಕ್ ಒತ್ತಿದಾಗ ಒಮ್ಮೆ ‘ಡಬ್’ ಎನ್ನುತ್ತದೆ. ಕಳೆದ ವರ್ಷ ಎರಡೂ ಶಾಕ್ ಅಬ್ಸಾರ್ಬರ್‌ಗಳನ್ನೂ ಚಕ್ರವನ್ನು ಕಾರಿನ ಅಡಿಗೆ ಜೋಡಿಸುವ ಲೋವರ್ ಆರ್ಮ್‌ನ ರಬ್ಬರ್ ಬುಷ್‌ಗಳನ್ನೂ ಬದಲಿಸಿದೆ. ಆರೇ ತಿಂಗಳಲ್ಲಿ ಸದ್ದು ಮರಳಿತು. ಈಗ ಗ್ಯಾರೇಜಿನವರು ‘ಇಡೀ ಸೆಟ್ ಹಾಕಿಸಿ’ ಎನ್ನುತ್ತಾರೆ. ತುಕ್ಕು ಹಿಡಿಯಬಾರದೆಂದು ಪ್ರತಿ ವರ್ಷ ಮಳೆಗಾಲದ ಹೊಸ್ತಿಲಿನ ಪತ್ತನಾಜೆಗೆ ಮೊದಲು ಅಡಿಭಾಗಕ್ಕೆಲ್ಲ ಹಳೆಯ ಎಂಜಿನ್ ಆಯಿಲ್ ಹೊಡೆಸುತ್ತೇನೆ. ಏನು ಮಾಡಲಿ?
– ಓದುಗರೊಬ್ಬರು, ಮಲ್ಪೆ

ಉತ್ತರ: ಸದ್ಯಕ್ಕೆ ಸೆಟ್ ಹಾಕಿಸಬೇಡಿ. ಸಡಿಲು ಎಲ್ಲಿದೆ ಎಂಬುದನ್ನು ಕೈಯಿಂದ ಮುಟ್ಟಿ ಖಚಿತಪಡಿಸಿಕೊಳ್ಳದೆ ಯಾವ ಭಾಗವನ್ನು ಬದಲಿಸಿದರೂ ಅದು ಊಹೆಯ ಮೇಲೆ ಹಣ ಸುರಿದಂತೆ. ಇದಕ್ಕೆ ಯಂತ್ರವೇನೂ ಬೇಕಿಲ್ಲ, ಜೊತೆಗೆ ಒಬ್ಬರಿದ್ದರೆ ಸಾಕು.

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನು ಜಾಕ್‌ನಿಂದ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಬರೀ ಜಾಕ್‌ನ ಆಧಾರದಲ್ಲಿರುವ ಕಾರಿನ ಕೆಳಗೆ ಕೈ ಕೂಡ ಹಾಕಬೇಡಿ. ಈಗ ಎಡ ಚಕ್ರವನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಇಟ್ಟು ಅಲುಗಾಡಿಸಿ. ಅಲುಗಾಟ ಕಂಡುಬಂದರೆ ಜೊತೆಯಲ್ಲಿರುವವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೊಮ್ಮೆ ನೋಡಿ. ಬ್ರೇಕ್ ಒತ್ತಿದೊಡನೆ ಅಲುಗಾಟ ನಿಂತರೆ ದೋಷ ಚಕ್ರದ ಬೇರಿಂಗಿನದ್ದು. ಹಾಗೆಯೇ ಉಳಿದರೆ ಮೊದಲು ಅನುಮಾನಿಸಬೇಕಾದದ್ದು ಲೋವರ್ ಆರ್ಮ್ ಚಕ್ರಕ್ಕೆ ಸೇರುವ ಕಡೆಯ ಬಾಲ್ ಜಾಯಿಂಟನ್ನು. ಆಮೇಲೆ ಚಕ್ರವನ್ನು ಎಡ–ಬಲ ಅಂಚುಗಳಲ್ಲಿ ಹಿಡಿದು ಅಲುಗಾಡಿಸಿ. ಆಗ ಸಿಗುವ ಸಡಿಲು ಹೆಚ್ಚಾಗಿ ಸ್ಟೀರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಸರಳಿನ ತುದಿಯ ಜಾಯಿಂಟಾದ ಟೈ ರಾಡ್ ಎಂಡ್‌ನದ್ದು, ಇಲ್ಲವೇ ಆ ಸರಳನ್ನು ಅತ್ತಿತ್ತ ತಳ್ಳುವ ಸ್ಟೀರಿಂಗ್ ರ‍್ಯಾಕಿನದ್ದು. ಯಾವುದೆಂದು ತಿಳಿಯಲು ಕಾರನ್ನು ಇಳಿಸಿ, ಒಬ್ಬರು ಸ್ಟೀರಿಂಗನ್ನು ಎರಡೆರಡು ಬೆರಳಿನಷ್ಟು ಅತ್ತಿತ್ತ ಆಡಿಸುತ್ತಿರುವಾಗ ನೀವು ಟೈ ರಾಡ್ ಎಂಡ್‌ನ ಮೇಲೆ ಬೆರಳಿಟ್ಟುಕೊಳ್ಳಿ. ಸವೆದ ಜಾಯಿಂಟು ಕಿವಿಗೆ ಕೇಳಿಸದಿದ್ದರೂ ಬೆರಳಿಗೆ ‘ಟಕ್’ ಎಂದು ತಾಗುತ್ತದೆ.

ಆದರೆ ಬ್ರೇಕ್ ಒತ್ತಿದಾಗ ‘ಡಬ್’ ಎನ್ನುತ್ತದೆ ಎಂದಿದ್ದೀರಲ್ಲ, ನನ್ನ ಅನುಮಾನ ಅಲ್ಲಿದೆ. ಮಾರುತಿ 800ರ ಮುಂಭಾಗದಲ್ಲಿರುವ ಸ್ಟೆಬಿಲೈಸರ್ ಬಾರ್ ತಿರುವಿನಲ್ಲಿ ಕಾರು ಓಲದಂತೆ ತಡೆಯುವುದಷ್ಟೇ ಅಲ್ಲದೆ, ಲೋವರ್ ಆರ್ಮ್ ಹಿಂದೆ ಮುಂದೆ ಸರಿಯದಂತೆಯೂ ಹಿಡಿದಿರುತ್ತದೆ. ಅದರ ತುದಿಯ ರಬ್ಬರ್ ಬುಷ್‌ಗಳು ಸವೆದಿದ್ದರೆ ಬ್ರೇಕ್ ಒತ್ತಿದೊಡನೆ ಆರ್ಮ್ ಹಿಂದಕ್ಕೆ ಸರಿದು ಬಡಿಯುತ್ತದೆ. ಇವು ಬೆಲೆಯಲ್ಲಿ ಅತ್ಯಂತ ಅಗ್ಗದ ಭಾಗಗಳು. ನೀವು ಬದಲಿಸಿದವುಗಳ ಪಟ್ಟಿಯಲ್ಲಿ ಇವು ಇಲ್ಲ.

ಇನ್ನು, ಹೊಸ ಬುಷ್‌ಗಳು ಆರು ತಿಂಗಳಲ್ಲಿ ಹಾಳಾದ ವಿಚಾರ. ಲೋವರ್ ಆರ್ಮ್‌ನ ಬುಷ್ ಬೇರಿಂಗಿನಂತೆ ತಿರುಗುವುದಿಲ್ಲ. ಹೊರಗೊಂದು, ಒಳಗೊಂದು ಕಬ್ಬಿಣದ ಕೊಳವೆ, ನಡುವೆ ಅವೆರಡಕ್ಕೂ ಅಂಟಿದ ರಬ್ಬರು. ಬೋಲ್ಟ್ ಬಿಗಿಮಾಡಿದಾಗ ಒಳಗಿನ ಕೊಳವೆ ಅಲ್ಲೇ ಕಚ್ಚಿಕೊಳ್ಳುತ್ತದೆ, ಮುಂದೆ ಆರ್ಮ್ ಮೇಲೆ ಕೆಳಗೆ ಆಡುವಾಗ ತಿರುಚಿಕೊಳ್ಳುವುದು ರಬ್ಬರು ಮಾತ್ರ. ಕಾರು ಲಿಫ್ಟಿನ ಮೇಲೆ, ಚಕ್ರಗಳು ಕೆಳಗೆ ಜೋತಿರುವಾಗಲೇ ಬೋಲ್ಟನ್ನು ಪೂರ್ತಿ ಬಿಗಿಮಾಡಿಬಿಟ್ಟರೆ, ಕಾರು ನೆಲಕ್ಕಿಳಿದು ಸುಮ್ಮನೆ ನಿಂತಾಗಲೂ ಆ ರಬ್ಬರು ತಿರುಚಿಕೊಂಡೇ ಇರುತ್ತದೆ, ಬೇಗನೆ ಹರಿಯುತ್ತದೆ. ಆದ್ದರಿಂದ ಬೋಲ್ಟುಗಳನ್ನು ಹಗುರವಾಗಿ ಕೂರಿಸಿ, ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ನಂತರವೇ ಕೊನೆಯ ಬಿಗಿ ಕೊಡಬೇಕು. ಕೆಲಸಕ್ಕೆ ಕೊಡುವ ಮೊದಲೇ ಇದನ್ನು ಹೇಳಿ. ಒಳ್ಳೆಯ ಮೆಕ್ಯಾನಿಕ್ ಬೇಸರಿಸಿಕೊಳ್ಳುವುದಿಲ್ಲ.

ಎರಡನೆಯ ಕಾರಣ ನಿಮ್ಮ ಪತ್ರದ ಕೊನೆಯಲ್ಲೇ ಇದೆ. ಹಳೆಯ ಆಯಿಲ್ ಹೊಡೆಸುವುದು ನಮ್ಮ ಕರಾವಳಿಯಲ್ಲಿ ಬಹಳ ಕಾಲದಿಂದ ಬಂದ ರೂಢಿ, ತಗಡಿಗೆ ಅದರಿಂದ ಒಂದಿಷ್ಟು ಉಪಕಾರವೂ ಇದ್ದೀತು. ಆದರೆ ಎಣ್ಣೆ ತಾಗಿದ ನೈಸರ್ಗಿಕ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಮಳೆನೀರಿನ ಜೊತೆ ತೊಳೆದುಹೋದ ಎಣ್ಣೆ ತೋಡು ಸೇರುತ್ತದೆ. ಬದಲಿಗೆ ವಾರಕ್ಕೊಮ್ಮೆ ಸಿಹಿನೀರಿನಿಂದ ಅಡಿಭಾಗವನ್ನು ತೊಳೆಯಿರಿ, ಏಕೆಂದರೆ ನಿಮ್ಮ ದಾರಿಯಲ್ಲಿ ಕಡಲಗಾಳಿಯ ಉಪ್ಪಿನ ಜೊತೆಗೆ ಮೀನಿನ ಲಾರಿಗಳಿಂದ ಸೋರುವ ಉಪ್ಪುನೀರೂ ಇದೆ. ತುಕ್ಕುನಿರೋಧಕ ಲೇಪನ ಮಾಡಿಸುವುದಾದರೆ ರಬ್ಬರ್ ಭಾಗಗಳನ್ನು ಮುಚ್ಚಿ ಮಾಡಿಸಿ.

ಇಷ್ಟಾದ ಮೇಲೂ ಸದ್ದು ಉಳಿದರೆ ಡಿಕ್ಕಿಯನ್ನೂ ಬಾನೆಟ್ಟಿನ ಒಳಗನ್ನೂ ಒಮ್ಮೆ ನೋಡಿ. ನನ್ನದೇ ಕಾರಿನಲ್ಲಿ ಎರಡು ಸ್ಟ್ರಟ್ (ಶಾಕ್ ಅಬ್ಸಾರ್ಬರ್ ಇರುವ ಜೋಡಣೆ) ಬದಲಿಸಿದ ಬಳಿಕ ಸದ್ದಿನ ಮೂಲ ಸಡಿಲಾಗಿದ್ದ ಜಾಕ್‌ನ ಹಿಡಿ ಎಂದು ಗೊತ್ತಾಯಿತು. ಬಿಲ್ಲನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿಯ ಸ್ಟೀರಿಂಗನ್ನು ನಾಲ್ಕು ಬೆರಳಿನಷ್ಟು ತಿರುಗಿಸಿದರೂ ಚಕ್ರ ಅಲುಗುವುದಿಲ್ಲ. ಸ್ಟೀರಿಂಗ್ ಕಂಬಿಯ ಬುಡದಲ್ಲಿ ಗಿಯರುಗಳಿರುವ ಸ್ಟೀರಿಂಗ್ ಬಾಕ್ಸ್ ಬಿಗಿಮಾಡಿಸಿದರೆ ಸರಿಯಾದೀತೇ? ಆಗುಂಬೆ ಘಾಟಿ ಹತ್ತುವ ಆಸೆಯಿದೆ.
– ನಿವೃತ್ತ ಅಧ್ಯಾಪಕರು, ಕಾರ್ಕಳ

ಉತ್ತರ: ಈ ಸ್ಥಿತಿಯಲ್ಲಿ 14 ಹೇರ್‌ಪಿನ್ ತಿರುವುಗಳ ಘಾಟಿಗೆ ಹೋಗಬೇಡಿ ಸರ್, ಪೇಟೆಗೂ ಬೇಡ. ಬಾಕ್ಸ್ ಅನ್ನು ಮುಟ್ಟುವುದು ಕೊನೆಯ ಕೆಲಸ. ಪದ್ಮಿನಿಯಲ್ಲಿ ಬಾಕ್ಸಿನಿಂದ ಚಕ್ರದವರೆಗೆ ಹಲವು ಜಾಯಿಂಟುಗಳಿದ್ದು, ಪ್ರತಿಯೊಂದರ ಸ್ವಲ್ಪ ಸ್ವಲ್ಪ ಸಡಿಲು ಕೂಡಿಯೇ ನಾಲ್ಕು ಬೆರಳಾಗುತ್ತದೆ. ಹಾಗಾಗಿ ಅವನ್ನೂ, ಮುಂಚಕ್ರಗಳು ಎಡಬಲಕ್ಕೆ ಹೊರಳುವ ಕೀಲುಗಳಾದ ಕಿಂಗ್ ಪಿನ್‌ಗಳನ್ನೂ ಮೊದಲು ಪರೀಕ್ಷಿಸಿ. ಬಾಕ್ಸ್ ಹೆಚ್ಚು ಸವೆಯುವುದು ನೇರ ಓಡುವಾಗಿನ ಮಧ್ಯದ ಭಾಗದಲ್ಲಿ. ಅಲ್ಲಿನ ಸಡಿಲು ಹೋಗುವಷ್ಟು ಬಿಗಿಮಾಡಿದರೆ, ಸವೆಯದ ಪಕ್ಕದ ಭಾಗಗಳಲ್ಲಿ ಸ್ಟೀರಿಂಗ್ ಕಚ್ಚಿಕೊಳ್ಳುತ್ತದೆ, ಅದೂ ಪೂರ್ತಿ ತಿರುಗಿಸಬೇಕಾದ ತಿರುವಿನಲ್ಲಿಯೇ. ಕಿಂಗ್ ಪಿನ್‌ಗೆ ಗ್ರೀಸ್ ಹೊಡೆಯುವಾಗ ಚಕ್ರ ನೆಲದಿಂದ ಮೇಲಿರಲಿ; ಒಳಗಿನ ಕೊಳಕು ಗ್ರೀಸ್ ಹೊರಬಂದು ಹೊಸದು ಕಾಣುವವರೆಗೂ ಗನ್ ಒತ್ತಿ. ಮಳೆಗಾಲದ ಮುಂಚೆ ಒಮ್ಮೆ, ನವರಾತ್ರಿಯ ಹೊತ್ತಿಗೆ ಇನ್ನೊಮ್ಮೆ ತಪ್ಪದೆ ಮಾಡಿಸಿ. ಜಾಯಿಂಟು ಬಿಚ್ಚಿದಾಗ ನಟ್ ಕಳಚದಂತೆ ತಡೆಯುವ ಹಳೆಯ ಸ್ಪ್ಲಿಟ್ ಪಿನ್ನನ್ನು ಮತ್ತೆ ಹಾಕಲು ಬಿಡಬೇಡಿ.

ಪ್ರಶ್ನೆ: ಹೊಸ ಟಯರ್ ಹಾಕಿಸಿದಂದಿನಿಂದ ನನ್ನ ಹಳೆಯ ಝೆನ್ ಎಡಕ್ಕೆ ಎಳೆಯುತ್ತದೆ. ಎರಡು ಸಲ ಅಲೈನ್‌ಮೆಂಟ್ ಮಾಡಿಸಿದರೂ ಸರಿಯಾಗಿಲ್ಲ.
– ಗೃಹಿಣಿ, ಮಂಗಳೂರು

ಉತ್ತರ: ಮೂರನೆಯ ಸಲ ಮಾಡಿಸಬೇಡಿ. ಮಳೆನೀರು ಹರಿದುಹೋಗಲೆಂದು ನಮ್ಮ ರಸ್ತೆಗಳಿಗೆ ಅಂಚಿನತ್ತ ಇಳಿಜಾರು ಇರುವುದರಿಂದ ಎಡಬದಿಯಲ್ಲಿ ಓಡುವ ಕಾರು ತುಸು ಎಡಕ್ಕೆ ಸರಿಯುವುದು ಸಹಜ. ಅದಕ್ಕಿಂತ ಹೆಚ್ಚು ಎಳೆಯುತ್ತಿದ್ದರೆ, ಗಾಳಿ ಸಮವಾಗಿದೆಯೇ ನೋಡಿ, ಮುಂದಿನ ಎರಡು ಚಕ್ರಗಳನ್ನು ಅದಲುಬದಲು ಮಾಡಿಸಿ. ಟಯರಿನ ಮೇಲೆ ತಿರುಗುವ ದಿಕ್ಕಿನ ಬಾಣದ ಗುರುತಿದ್ದರೆ ಮಾತ್ರ ಹೀಗೆ ಮಾಡುವಂತಿಲ್ಲ. ಎಳೆತ ಬಲಕ್ಕೆ ಬಂದರೆ ದೋಷ ಟಯರಿನದ್ದು, ಅಂಗಡಿಗೆ ಮರಳಿಸಿ. ಎಡಕ್ಕೇ ಉಳಿದರೆ ಹತ್ತು ಕಿಲೋಮೀಟರು ಓಡಿಸಿ ನಿಲ್ಲಿಸಿ, ಮುಂದಿನ ಎರಡೂ ಚಕ್ರಗಳ ರಿಮ್ಮಿನ ಹತ್ತಿರ, ಮುಟ್ಟದೆ, ಅಂಗೈ ಹಿಡಿದು ನೋಡಿ. ಎಡಗಡೆಯದು ಹೆಚ್ಚು ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಪ್ಯಾಡ್‌ಗಳನ್ನು ಒತ್ತುವ ಕ್ಯಾಲಿಪರ್ ಕಚ್ಚಿಕೊಂಡಿದೆ.