ವೀಲಿ ಕಲಿಸುವ ಮುಂಚೆ ತಮ್ಮನ ಬಲಗಾಲು ನೋಡಿ

ತಮ್ಮನಿಗೆ ಟ್ರಯಲ್ಸ್ ಬೈಕ್‌ನಲ್ಲಿ (ಬಂಡೆ, ದಿಮ್ಮಿ ಹತ್ತಿಸುವ ಸ್ಪರ್ಧೆಯ ಹಗುರ ಬೈಕ್) ವೀಲಿ, ಅಂದರೆ ಮುಂದಿನ ಚಕ್ರ ಎತ್ತಿ ಓಡಿಸುವುದನ್ನು ಕಲಿಸಬೇಕು, ಥ್ರಾಟಲ್ ಎಷ್ಟು ಕೊಡಿಸಬೇಕು ಅಂತ ಕೇಳಿದ್ದೀರಿ. ನನ್ನ ತಲೆಯಲ್ಲೂ ಇದೇ ಪ್ರಶ್ನೆ ಇತ್ತು. ವೀಲಿ ಕಲಿಸಲು ಚಿಕ್ಕಪ್ಪನ ಮಗನನ್ನು ಹಾರೋಹಳ್ಳಿ ಕಡೆ ಸ್ನೇಹಿತನ ಜಮೀನಿಗೆ ಕರ್ಕೊಂಡು ಹೋಗಿದ್ದೆ. ಅವನ ಕಾಲರ್ ಬೋನ್ ಮುರಿಯಿತು. ಚಿಕ್ಕಮ್ಮ ಈಗಲೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ಸ್ವಲ್ಪ ಏರು ಇರುವ ಮಣ್ಣಿನ ಜಾಗ, ಹೆಲ್ಮೆಟ್, ಬೂಟು, ಬಿದ್ದರೆ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್‌ನ ದಾರ ಕೈಗೆ, ಎಲ್ಲಾ ಇತ್ತು. ಬಲಗಾಲಿನಲ್ಲಿ ಹಿಂದಿನ ಬ್ರೇಕ್ ಪೆಡಲ್ ಒತ್ತಿದರೆ ಎದ್ದ ಚಕ್ರ ಕೆಳಗೆ ಬರುತ್ತೆ ಅಂತಲೂ ಹೇಳಿದ್ದೆ. ನಿಂತ ಬೈಕ್ ಮೇಲೆ ಅವನು ಒತ್ತಿ ತೋರಿಸಿದ್ದ ಕೂಡ. ಆದರೆ ಆ ಪೆಡಲ್ ಸೆಟ್ ಆಗಿದ್ದು ನನ್ನ ಕಾಲಿಗೆ. ನನ್ನದು 10 ನಂಬರ್ ಬೂಟು, ಅವನದು 7. ನೇರ ನಿಂತಾಗ ಅವನ ಕಾಲು ಹೇಗೋ ಎಟುಕುತ್ತಿತ್ತು. ಚಕ್ರ ಎದ್ದು, ಮೈ ಹಿಂದಕ್ಕೆ ಹೋಗಿ, ಭಾರ ಹಿಮ್ಮಡಿಗೆ ಬಿದ್ದ ಕೂಡಲೇ ಬೂಟಿನ ತುದಿ ಪೆಡಲ್ ಬಿಟ್ಟು ಮೇಲೆ ಬಂತು. ಅದೇ ಹೊತ್ತಿಗೆ ಕೈ ಬೇರೆ. ಮೈ ಹಿಂದಕ್ಕೆ ವಾಲಿದರೆ ಹ್ಯಾಂಡಲ್ ಹಿಡಿದ ಕೈ ತಾನಾಗೇ ಥ್ರಾಟಲ್ ತಿರುಗಿಸುತ್ತೆ, ಹೊಸಬರು ಭಯಕ್ಕೆ ಇನ್ನೂ ಬಿಗಿಯಾಗಿ ಹಿಡಿಯುತ್ತಾರೆ, ಬೈಕ್ ಇನ್ನೂ ಮೇಲೇಳುತ್ತೆ. ನಾನು ಪಕ್ಕದಲ್ಲಿ ನಿಂತು "ಬ್ರೇಕ್ ಹಿಡಿಯೋ" ಅಂತ ಕಿರುಚುತ್ತಿದ್ದೆ. ಎಟುಕದ ಬ್ರೇಕ್ ಎಲ್ಲಿಂದ ಹಿಡಿಯುತ್ತಾನೆ? ಬೈಕ್ ಹಿಂದಕ್ಕೆ ಮಗುಚಿತು, ದಾರ ಕಿತ್ತು ಎಂಜಿನ್ ನಿಂತಿತು, ಇವನು ಭುಜದ ಮೇಲೆ ಬಿದ್ದ. ಹಿಂದಿನ ಮಡ್‌ಗಾರ್ಡ್ ಎರಡು ತುಂಡು.

ಅದಕ್ಕೇ ಹೇಳುತ್ತಿರುವುದು, ಥ್ರಾಟಲ್ ಎಷ್ಟು ಅನ್ನುವುದು ಪ್ರಶ್ನೆಯೇ ಅಲ್ಲ. ಸುಮಾರು 70 ಕೆಜಿ ಬೈಕ್ ಅದು, ಮೊದಲ ಗೇರ್‌ನಲ್ಲಿ ಕ್ಲಚ್ ಸ್ವಲ್ಪ ಪಟ್ ಅಂತ ಬಿಟ್ಟರೂ ಮುಂದಿನ ಚಕ್ರ ಏಳುತ್ತೆ. ಏಳಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ. ಇಳಿಸುವುದನ್ನು ಕಲಿಸಿ. ತಮ್ಮನನ್ನು ಬೈಕ್ ಮೇಲೆ ನಿಲ್ಲಿಸಿ, ನೀವು ಮುಂದಿನಿಂದ ಗಟ್ಟಿಯಾಗಿ ಹಿಡಿದುಕೊಳ್ಳಿ, ಕೈ ನೇರ ಮಾಡಿ ಪೂರ್ತಿ ಹಿಂದಕ್ಕೆ ವಾಲಲು ಹೇಳಿ. ಆ ಭಂಗಿಯಲ್ಲಿ ಬ್ರೇಕ್ ಒತ್ತಲಿ. ಆಗದಿದ್ದರೆ ಪೆಡಲ್ ಎತ್ತರ ಬದಲಿಸಿ, ಇಲ್ಲಾ ಪಾದವನ್ನು ಪೆಗ್ (ಕಾಲಿಡುವ ಕಡ್ಡಿ) ಮೇಲೆ ಮುಂದಕ್ಕೆ ಇಡಿಸಿ. ಆಮೇಲೆ ಒಂದು ಗೇಣು ಎತ್ತುವುದು, ಬ್ರೇಕ್ ಒತ್ತಿ ಇಳಿಸುವುದು, ಇಷ್ಟೇ. ಅವನಿಗೆ ಬೇಜಾರಾಗುವವರೆಗೂ ಇಷ್ಟೇ. ಒಂದು ಬೆರಳು ಸದಾ ಕ್ಲಚ್ ಮೇಲಿರಲಿ, ಮೊಣಕೈ ಮೇಲಿರಲಿ.

ಇನ್ನೊಂದು, ಉದ್ದದ ವೀಲಿ ಅವನಿಗೆ ಯಾಕೆ ಬೇಕು? ಟ್ರಯಲ್ಸ್‌ನಲ್ಲಿ ಚಕ್ರ ಎತ್ತುವುದು ಬಂಡೆ, ಮರದ ದಿಮ್ಮಿ ಹತ್ತಿಸಲು. ಅಲ್ಲಿ ಒಂದು ಸಲ ಕಾಲು ಊರಿದರೆ 1 ಪಾಯಿಂಟ್ ದಂಡ, ಸೆಕ್ಷನ್ (ಗುರುತು ಹಾಕಿದ ಅಡೆತಡೆಯ ದಾರಿ) ದಾಟಲು ಆಗದಿದ್ದರೆ 5. ಎಷ್ಟು ದೂರ ವೀಲಿ ಹೊಡೆದೆ ಅಂತ ಯಾರೂ ಲೆಕ್ಕ ಹಾಕುವುದಿಲ್ಲ. ಹಾಗೇ, ಬೆಳಗಿನ ಜಾವ ನೈಸ್ ರೋಡ್ ಪಕ್ಕದ ಸರ್ವಿಸ್ ರಸ್ತೆ ಖಾಲಿ ಇರುತ್ತೆ ಅಂದಿದ್ದೀರಲ್ಲ, ಅದು ಬೇಡವೇ ಬೇಡ. ಖಾಲಿ ಅಂತ ಕಾಣುವ ರಸ್ತೆಗೆ ಹಾಲಿನ ಗಾಡಿ, ನಾಯಿ ಎಲ್ಲಿಂದ ಬರುತ್ತೋ ಗೊತ್ತಾಗುವುದಿಲ್ಲ, ಪೊಲೀಸರು ಹಿಡಿದರೆ ಅಪಾಯಕಾರಿ ಚಾಲನೆ ಅಂತ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಬೇರೆ. ಪರಿಚಯದವರ ಹೊಲ ಸಿಗುವವರೆಗೂ ಮನೆ ಕಾಂಪೌಂಡ್‌ನಲ್ಲೇ ನಿಂತು ಬ್ಯಾಲೆನ್ಸ್ ಮಾಡಲಿ.