ಫೈರ್‌ವಾಲ್ ನಿಯಮದೊಳಗಿನ ರೂಟ್ ಹುಡುಕಾಟ: ಏನನ್ನು ಬರೆದಿಡಬೇಕು?

ಪ್ರಶ್ನೆ: ನಮ್ಮ ಕಚೇರಿಯ ಲಿನಕ್ಸ್ ಫೈರ್‌ವಾಲ್‌ಗೆ ಎರಡು ಇಂಟರ್ನೆಟ್ ಸಂಪರ್ಕಗಳಿವೆ. ಎರಡನೆಯ ಸಂಪರ್ಕದ ಡಿಫಾಲ್ಟ್ ರೂಟ್ (ಬೇರೆ ದಾರಿ ಗೊತ್ತಿಲ್ಲದ ವಿಳಾಸಗಳಿಗೆಲ್ಲ ಬಳಸುವ ದಾರಿ) ಬೇರೊಂದು ರೂಟಿಂಗ್ ಟೇಬಲ್‌ನಲ್ಲಿದ್ದು (ದಾರಿಗಳ ಪಟ್ಟಿ), ಮಾರ್ಕ್ (ಫೈರ್‌ವಾಲ್ ಹಾಕುವ ಸಂಖ್ಯೆಯ ಗುರುತು) ಹೊಂದಿದ ಪ್ಯಾಕೆಟ್‌ಗಳು ಮಾತ್ರ ಅದನ್ನು ಬಳಸುತ್ತವೆ. ಹಿಂದೆ ಇದ್ದವರು ಬರೆದ ಎನ್‌ಎಫ್‌ಟೇಬಲ್ಸ್ (ಲಿನಕ್ಸ್‌ನ ಫೈರ್‌ವಾಲ್ ವ್ಯವಸ್ಥೆ) ನಿಯಮಗಳಲ್ಲಿ ‘ಫಿಬ್ ಎಸ್‌ಆ್ಯಡರ್ . ಐಐಎಫ್ ಓಐಎಫ್ ಮಿಸ್ಸಿಂಗ್ ಡ್ರಾಪ್’ ಎಂಬ ಸಾಲಿದೆ. ಪಕ್ಕದಲ್ಲಿ ‘ಸ್ಪೂಫಿಂಗ್ ತಡೆ’ ಎಂದಷ್ಟೇ ಬರೆದಿದ್ದಾರೆ. ಎರಡನೆಯ ಸಂಪರ್ಕದಿಂದ ಒಳಬರುವ ಪ್ಯಾಕೆಟ್‌ಗಳು ಈ ಸಾಲಿನಲ್ಲಿಯೇ ಡ್ರಾಪ್ ಆಗುತ್ತಿವೆ. ಸಾಲನ್ನು ತೆಗೆದುಹಾಕಬಹುದೆ? ಇಂತಹ ನಿಯಮಕ್ಕೆ ದಾಖಲೆ ಬರೆಯುವುದು ಹೇಗೆ?
– ಓದುಗರು, ಹುಬ್ಬಳ್ಳಿ

ಉತ್ತರ: ದಯವಿಟ್ಟು ತೆಗೆಯಬೇಡಿ. ಸುಳ್ಳು ವಿಳಾಸ ಹೊತ್ತು ಬರುವ ಪ್ಯಾಕೆಟ್‌ಗಳನ್ನು ಜಾಲದ ಅಂಚಿನಲ್ಲಿಯೇ ತಡೆಯಬೇಕೆಂದು 2000ದಲ್ಲಿ ಪ್ರಕಟವಾದ ಆರ್‌ಎಫ್‌ಸಿ 2827 (ಆರ್‌ಎಫ್‌ಸಿ ಎಂದರೆ ಇಂಟರ್ನೆಟ್ ತಾಂತ್ರಿಕ ದಾಖಲೆ) ಹೇಳಿದೆ. ನಿಮ್ಮ ಸಾಲು ಮಾಡುತ್ತಿರುವುದು ಅದೇ ಕೆಲಸವನ್ನು. ಒಂದಕ್ಕಿಂತ ಹೆಚ್ಚು ಸಂಪರ್ಕಗಳಿರುವ ಜಾಲಗಳಲ್ಲಿ ಈ ಪರಿಶೀಲನೆ ತೊಡಕಾಗುವುದೂ ಹೊಸದಲ್ಲ. 2004ರ ಆರ್‌ಎಫ್‌ಸಿ 3704 ಆ ತೊಡಕನ್ನೇ ಕುರಿತದ್ದು.

ಸಾಮಾನ್ಯ ನಿಯಮವೊಂದು ಪ್ಯಾಕೆಟ್‌ನಲ್ಲಿ ಇರುವುದನ್ನು ನೋಡಿ ತೀರ್ಮಾನಿಸುತ್ತದೆ. ಫಿಬ್ ನಿಯಮ ಹಾಗಲ್ಲ. ಅದು ಕರ್ನೆಲ್‌ನ (ಲಿನಕ್ಸ್‌ನ ತಿರುಳು) ರೂಟಿಂಗ್ ಟೇಬಲ್‌ಗೆ ಒಂದು ಪ್ರಶ್ನೆ ಹಾಕಿ, ಬಂದ ಉತ್ತರದ ಮೇಲೆ ನಡೆಯುತ್ತದೆ. ಆದ್ದರಿಂದ ನಿಯಮಗಳ ಕಡತದಲ್ಲಿ ಒಂದಕ್ಷರವೂ ಬದಲಾಗದೆ, ಯಾರೋ ರೂಟ್ ಬದಲಿಸಿದ ಮಾತ್ರಕ್ಕೆ ಅದರ ಪರಿಣಾಮ ಬದಲಾಗಬಹುದು. ‘ಸ್ಪೂಫಿಂಗ್ ತಡೆ’ ಎಂಬ ಟಿಪ್ಪಣಿ ಉದ್ದೇಶವನ್ನು ಹೇಳುತ್ತದೆಯೇ ಹೊರತು, ಯಾವ ಪ್ರಶ್ನೆ ಕೇಳಲಾಗಿದೆ, ಟೇಬಲ್ ಯಾವ ಸ್ಥಿತಿಯಲ್ಲಿರಬೇಕೆಂದು ನಂಬಲಾಗಿದೆ ಎಂಬುದನ್ನು ಹೇಳುವುದಿಲ್ಲ. ಬರೆದಿಡಬೇಕಾದದ್ದು ಈ ಎರಡನ್ನು.

ನಿಮ್ಮ ಸಾಲು ಕೇಳುವ ಪ್ರಶ್ನೆ ಇದು: ಈ ಪ್ಯಾಕೆಟ್‌ನ ಸೋರ್ಸ್ ಅಡ್ರೆಸ್‌ಗೆ (ಎಸ್‌ಆ್ಯಡರ್, ಕಳುಹಿಸಿದವರ ವಿಳಾಸ) ನಾವೇ ಪ್ಯಾಕೆಟ್ ಕಳುಹಿಸುವುದಾದರೆ, ಈ ಪ್ಯಾಕೆಟ್ ಒಳಬಂದ ಇಂಟರ್‌ಫೇಸ್‌ನಿಂದಲೇ (ಐಐಎಫ್, ಸಂಪರ್ಕದ ಜಾಲದ್ವಾರ) ಅದು ಹೊರಹೋಗುತ್ತದೆಯೆ? ಇಲ್ಲವೆಂದಾದರೆ ಡ್ರಾಪ್. ಪ್ರಶ್ನೆಯಲ್ಲಿ ಮಾರ್ಕ್ ಸೇರಿಲ್ಲದ ಕಾರಣ ಕರ್ನೆಲ್ ಮುಖ್ಯ ಟೇಬಲ್ಲನ್ನು ನೋಡಿ, ಮೊದಲನೆಯ ಸಂಪರ್ಕದ ದಾರಿಯನ್ನೇ ತೋರಿಸುತ್ತದೆ. ಹೀಗಾಗಿ ಎರಡನೆಯ ಸಂಪರ್ಕದಿಂದ ಬಂದ ಪ್ಯಾಕೆಟ್‌ಗಳು ಪ್ರಾಮಾಣಿಕವಾಗಿದ್ದರೂ ಉಳಿಯುವುದಿಲ್ಲ. ಇದಕ್ಕೆ ಐಐಎಫ್ ಪದವನ್ನು ಅಳಿಸಿಬಿಡುವುದು ಹಲವರು ಹಿಡಿಯುವ ಸುಲಭದ ದಾರಿ. ಆಗ ‘ಈ ವಿಳಾಸಕ್ಕೆ ಯಾವುದಾದರೂ ದಾರಿ ಇದೆಯೆ’ ಎಂಬಷ್ಟೇ ಪ್ರಶ್ನೆ ಉಳಿಯುತ್ತದೆ. ಡಿಫಾಲ್ಟ್ ರೂಟ್ ಇರುವ ಯಂತ್ರದಲ್ಲಿ ಹೆಚ್ಚುಕಡಿಮೆ ಎಲ್ಲ ವಿಳಾಸಕ್ಕೂ ದಾರಿ ಸಿಗುವುದರಿಂದ ನಿಯಮ ಹೆಸರಿಗಷ್ಟೇ ಇರುತ್ತದೆ. ಇದನ್ನು ನಾನು ಖಂಡಿತ ಒಪ್ಪಲಾರೆ.

ಸರಿಯಾದ ಕ್ರಮವೆಂದರೆ ಪ್ರಶ್ನೆಗೆ ಮಾರ್ಕನ್ನೂ ಸೇರಿಸಿ, ಎರಡನೆಯ ಇಂಟರ್‌ಫೇಸ್‌ನಿಂದ ಬಂದ ಪ್ಯಾಕೆಟ್‌ಗಳಿಗೆ ಅದಕ್ಕೂ ಮೊದಲೇ ಮಾರ್ಕ್ ಹಾಕುವುದು. ಈ ‘ಮೊದಲೇ’ ಎಂಬುದನ್ನು ದಾಖಲೆಯಲ್ಲಿ ಸಂಖ್ಯೆಯ ಸಮೇತ ಬರೆಯಿರಿ. ಫಿಬ್ ಇರುವ ಪ್ರೀರೂಟಿಂಗ್ ಚೈನ್‌ನ (ದಾರಿ ನಿರ್ಧಾರವಾಗುವ ಮೊದಲು ನಡೆಯುವ ನಿಯಮಗಳ ಸರಣಿ) ಆದ್ಯತೆ -300 (ಚಿಕ್ಕ ಸಂಖ್ಯೆಯದು ಮೊದಲು ನಡೆಯುತ್ತದೆ) ಆಗಿದ್ದು, ಮಾರ್ಕ್ ಹಾಕುವ ಚೈನ್‌ನದು -150 ಆಗಿದ್ದರೆ, ಪ್ರಶ್ನೆ ಕೇಳುವ ಹೊತ್ತಿಗೆ ಮಾರ್ಕ್ ಇನ್ನೂ ಸೊನ್ನೆಯಾಗಿಯೇ ಇರುತ್ತದೆ. ಮಾರ್ಕ್ ಹಾಕಿದ ಮೇಲೆ ಪ್ಯಾಕೆಟ್‌ನ ಮುಂದಿನ ದಾರಿಯನ್ನೂ ಎರಡನೆಯ ಟೇಬಲ್ಲೇ ನಿರ್ಧರಿಸುವುದರಿಂದ, ಕಚೇರಿಯ ಒಳಜಾಲದ ರೂಟ್ ಅದರಲ್ಲಿಯೂ ಇರಬೇಕು.

ಇನ್ನೊಂದು ವಿಷಯ ದಾಖಲೆಗಳಲ್ಲಿ ಬಿಟ್ಟುಹೋಗುವುದೇ ಹೆಚ್ಚು. ಐಪಿವಿ4ಗೆ ಕರ್ನೆಲ್‌ನಲ್ಲಿ ಆರ್‌ಪಿ ಫಿಲ್ಟರ್ ಎಂಬ ಇದೇ ಬಗೆಯ ಪ್ರತ್ಯೇಕ ಪರಿಶೀಲನೆಯೂ ಇದೆ: 0 ಎಂದರೆ ಇಲ್ಲ, 1 ಕಟ್ಟುನಿಟ್ಟು, 2 ಸಡಿಲ. ‘ಆಲ್’ (ಎಲ್ಲ ಇಂಟರ್‌ಫೇಸ್‌ಗಳಿಗೂ ಅನ್ವಯಿಸುವ) ಎಂಬಲ್ಲಿರುವ ಬೆಲೆ ಮತ್ತು ಆ ಇಂಟರ್‌ಫೇಸ್‌ನ ಬೆಲೆ, ಇವೆರಡರಲ್ಲಿ ದೊಡ್ಡದೇ ಜಾರಿಗೆ ಬರುತ್ತದೆ. ‘ಎಸ್‌ಆರ್‌ಸಿ ವ್ಯಾಲಿಡ್ ಮಾರ್ಕ್’ ಎಂಬ ಆಯ್ಕೆಯನ್ನು ಪ್ರತ್ಯೇಕವಾಗಿ ಆನ್ ಮಾಡದಿದ್ದರೆ ಆರ್‌ಪಿ ಫಿಲ್ಟರ್ ಮಾರ್ಕನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಫಿಬ್ ಸಾಲು ಸರಿಹೋದ ಬಳಿಕವೂ ಅದೇ ಪ್ಯಾಕೆಟ್ ಅಲ್ಲಿ ಡ್ರಾಪ್ ಆಗಬಹುದು, ಮತ್ತು ಎನ್‌ಎಫ್‌ಟೇಬಲ್ಸ್ ಕೌಂಟರ್‌ಗಳಲ್ಲಿ ಅದರ ಸುಳಿವೂ ಸಿಗದು.

ದಾಖಲೆಯ ಜೊತೆಗೆ ಪರೀಕ್ಷಿಸುವ ವಿಧಾನವನ್ನೂ ಬರೆಯಿರಿ. ಹೊರಗಿನ ಒಂದು ವಿಳಾಸವನ್ನೂ ಮಾರ್ಕನ್ನೂ ಕೊಟ್ಟು ‘ಐಪಿ ರೂಟ್ ಗೆಟ್’ ಆಜ್ಞೆ ನೀಡಿದರೆ ಯಾವ ಇಂಟರ್‌ಫೇಸ್ ಸಿಗಬೇಕು ಎಂಬ ಒಂದು ಸಾಲಿದ್ದರೆ, ನಿಮ್ಮ ನಂತರ ಬರುವವರು ಊಹಿಸಬೇಕಾಗಿಲ್ಲ.

ಪ್ರಶ್ನೆ: ಈ ಟಿಪ್ಪಣಿಗಳನ್ನು ಕನ್ನಡದಲ್ಲಿಯೇ ಬರೆಯಬಹುದೆ?
– ಅದೇ ಓದುಗರು

ಉತ್ತರ: ಅವಶ್ಯವಾಗಿ ಬರೆಯಬಹುದು, ಆದರೆ ಜಾಗ ಕಡಿಮೆ. ಕಡತದಲ್ಲಿ ಹ್ಯಾಶ್ ಚಿಹ್ನೆಯ ಮುಂದೆ ಬರೆದದ್ದು ಕರ್ನೆಲ್‌ಗೆ ತಲುಪುವುದೇ ಇಲ್ಲ. ಚಾಲ್ತಿಯಲ್ಲಿರುವ ನಿಯಮಗಳನ್ನು ಪಟ್ಟಿ ಮಾಡಿದಾಗ ಅದು ಕಾಣಿಸದು. ನಿಯಮದ ‘ಕಾಮೆಂಟ್’ ಭಾಗ ಮಾತ್ರ ನಿಯಮದೊಂದಿಗೆ ಉಳಿಯುತ್ತದೆ, ಅದರ ಮಿತಿ 128 ಬೈಟ್‌ಗಳು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಒತ್ತಕ್ಷರ, ಗುಣಿತ ಚಿಹ್ನೆಗಳೂ ಬೇರೆಬೇರೆಯಾಗಿ ಎಣಿಕೆಯಾಗುವುದರಿಂದ ಒಟ್ಟು 42 ಸಂಕೇತಗಳಷ್ಟೇ ಹಿಡಿಯುತ್ತವೆ. ಆದ್ದರಿಂದ ಕಾಮೆಂಟ್‌ನಲ್ಲಿ ‘ದಾಖಲೆ 7 ನೋಡಿ’ ಎಂಬಂತೆ ಒಂದು ಗುರುತು ಕೊಟ್ಟು, ಪೂರ್ಣ ವಿವರಣೆಯನ್ನು ರೂಟಿಂಗ್ ಸಂರಚನೆಯ ಜೊತೆಯಲ್ಲಿಯೇ ಇರುವ ಕಡತದಲ್ಲಿ ಕನ್ನಡದಲ್ಲಿ ಬರೆದಿಡಿ. ರೂಟ್ ಬದಲಿಸಲು ಹೊರಟವರ ಕಣ್ಣಿಗೆ ಅದು ಅಲ್ಲಿಯೇ ಬೀಳುತ್ತದೆ.